ಆ ಒಂದು ಎಸ್

ಪರೀಕ್ಷೆ ಬರೆಯುವವರ ಕಷ್ಟದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಪ್ರಶ್ನೆಪತ್ರಿಕೆ ತೆಗೆಯುವವರ ಕಷ್ಟವನ್ನು ಮಾತ್ರ ಯಾರೂ ಬರೆದ ಹಾಗೆ ಕಾಣೆ. ಬರೆದರೂ ಓದುವವರಿಗೆ ಕನಿಕರ ಹುಟ್ಟಲಾರದು ಬಿಡಿ. ಕಟುಕನಿಗೆ ಬೆನ್ನುನೋವು ಬಂತೆಂದು ಕುರಿ ಮರುಗೀತೆ? ಆದರೂ ಮೂವತ್ತಾರು ವರ್ಷ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ, 2020ರಲ್ಲಿ ನಿವೃತ್ತಳಾಗಿ, ಈಗ ಹಪ್ಪಳ ಸಂಡಿಗೆಯ ಯೋಗಕ್ಷೇಮ ನೋಡಿಕೊಂಡಿರುವ ನನಗೆ ಒಂದು ಪ್ರಶ್ನೆಪತ್ರಿಕೆಯ ಕತೆ ಹೇಳದೆ ಇರಲಾಗುತ್ತಿಲ್ಲ. ಆ ಪತ್ರಿಕೆಯ ಒಂದು ಭಾಗದಲ್ಲಿ ಹತ್ತು ಪ್ರಶ್ನೆಗಳು. ಹತ್ತೂ ಒಂದೇ ಅಕ್ಷರದ ಜಗಳ. ಇಂಗ್ಲಿಷಿನ ಎಸ್.

ನಾನು ಕೆಲಸಕ್ಕೆ ಸೇರಿದ್ದು 1984ರಲ್ಲಿ, ಸಾಗರದ ಕಡೆಯ ಒಂದು ಹೋಬಳಿ ಊರಿನಲ್ಲಿ. ಎಂಟನೇ ತರಗತಿ ಎರಡು ವಿಭಾಗ, ಒಟ್ಟು ನೂರಕ್ಕೂ ಮೇಲೆ ಮಕ್ಕಳು. ಆಗ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಿಂದ. ಹಾಗಾಗಿ ನನ್ನ ಬಳಿ ಬರುವ ಮಕ್ಕಳು ಮೂರು ವರ್ಷ ಇಂಗ್ಲಿಷ್ ಓದಿದವರು ಎಂದು ದಾಖಲೆ ಹೇಳುತ್ತಿತ್ತು. ಮಕ್ಕಳನ್ನು ಮಾತನಾಡಿಸಿದರೆ ಬೇರೆಯೇ. ಅಕ್ಷರಮಾಲೆ ಗೊತ್ತು, ತಮ್ಮ ಹೆಸರು ಬರೆಯಲು ಗೊತ್ತು, ಕ್ಯಾಟು ರ‍್ಯಾಟು ಗೊತ್ತು. 'ಮೇ ಐ ಕಮಿನ್ ಟೀಚರ್' ಎಂಬುದು ಬಾಗಿಲಲ್ಲಿ ನಿಂತು ಹೇಳಬೇಕಾದ ಒಂದೇ ಉದ್ದನೆಯ ಮಂತ್ರ ಎಂದು ತಿಳಿದಿದ್ದವರೇ ಹೆಚ್ಚು. ಪಾಪ, ಅವರಿಗೆ ಕಲಿಸಿದ ಮೇಷ್ಟರೂ ಅದನ್ನು ಹಾಗೇ ಕಲಿತವರು. ಈ ಮಕ್ಕಳಿಗೆ ನಾನು ವರ್ಷಕ್ಕೆ ನಾಲ್ಕಾರು ಟೆಸ್ಟು, ಎರಡು ದೊಡ್ಡ ಪರೀಕ್ಷೆ ಮಾಡಬೇಕಿತ್ತು.

ಪ್ರಶ್ನೆಪತ್ರಿಕೆ ತೆಗೆಯುವುದನ್ನು ಬಿ.ಎಡ್.ನಲ್ಲಿ ಕಲಿಸಿರಲಿಲ್ಲವೆ ಎಂದರೆ, ಕಲಿಸಿದ್ದರು. ನೀಲನಕ್ಷೆ ಎಂಬ ಚೌಕಚೌಕದ ಕೋಷ್ಟಕ ಬರೆದು, ಜ್ಞಾನಕ್ಕೆ ಇಷ್ಟು ಅಂಕ, ತಿಳಿವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು ಎಂದು ತುಂಬಿಸಿ ರೆಕಾರ್ಡು ಬುಕ್ಕಿಗೆ ಕೆಂಪು ಮಸಿಯಲ್ಲಿ ಗೆರೆ ಹೊಡೆದು ಒಪ್ಪಿಸಿದ್ದೆ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಶಾಲೆಗೆ ಬಂದ ಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೇಜಿನ ಮೇಲೆ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದ ದಪ್ಪ ಪುಸ್ತಕ ಇಟ್ಟುಕೊಳ್ಳುವುದು, ಅಲ್ಲಿಂದ ಐದು ವಾಕ್ಯ, ಇಲ್ಲಿಂದ ಐದು ವಾಕ್ಯ, ಹಿಂದಿನ ವರ್ಷದ ಪತ್ರಿಕೆಯಿಂದ ಹತ್ತು. ಉಳಿದ ಹುಳಿಗೆ ನೀರು ಬೆರೆಸಿ ಕುದಿಸಿದ ಹಾಗೆ.

1930ರ ದಶಕದಲ್ಲಿ ಮೊದಲು ಅಚ್ಚಾದ ಆ ಪುಸ್ತಕವನ್ನು ಬೈಯುವ ಉದ್ದೇಶ ನನಗಿಲ್ಲ. ನನಗೆ ಇಂಗ್ಲಿಷ್ ಬಂದದ್ದೇ ಅದರಿಂದ. ಆದರೆ ಬೇಟೆಗಾರನು ಹುಲಿಯನ್ನು ಕೊಂದನು, ಹುಲಿಯು ಬೇಟೆಗಾರನಿಂದ ಕೊಲ್ಲಲ್ಪಟ್ಟಿತು ಎಂದು ಹಿಂದೆ ಮುಂದೆ ತಿರುಗಿಸುವುದನ್ನು ಹದಿಮೂರು ವರ್ಷದ ಮಕ್ಕಳಿಂದ ಮಾಡಿಸುವಾಗ ಒಂದು ದಿನವಾದರೂ ನನಗೆ ನಗು ಬರಬೇಕಿತ್ತು. ನಮ್ಮ ಮನೆಯಲ್ಲಿ ಯಾರಾದರೂ 'ಅನ್ನವು ನನ್ನಿಂದ ಉಣ್ಣಲ್ಪಟ್ಟಿತು' ಎಂದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತೇವೆ. ಕನ್ನಡದಲ್ಲೇ ಆಡದ ಮಾತನ್ನು ಇಂಗ್ಲಿಷಿನಲ್ಲಿ ತಿರುಗಿಸಿ ಬರೆ ಎಂದು ಕೊಟ್ಟು, ಬರಲಿಲ್ಲವೆಂದು ಅಂಕ ಕಳೆಯುತ್ತಿದ್ದೆ.

ಇನ್ನು ಪ್ರಶ್ನೆಗಿಂತ ಸೂಚನೆಯೇ ಕಠಿಣ. 'ಸೂಟಬಲ್ ಆರ್ಟಿಕಲ್ಸ್'ನಿಂದ ಬಿಟ್ಟ ಸ್ಥಳ ತುಂಬಿ ಎಂದು ಇಂಗ್ಲಿಷಿನಲ್ಲಿ ಸೂಚನೆ ಕೊಟ್ಟಿದ್ದೆ. ಒಬ್ಬ ಹುಡುಗ ಐದು ಖಾಲಿ ಜಾಗದಲ್ಲೂ ಮುದ್ದಾಗಿ 'ಸೂಟಬಲ್' 'ಸೂಟಬಲ್' ಎಂದು ಬರೆದಿದ್ದ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಹೇಳಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಹುಡುಗ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದ ಎಂಬುದು ಆಗ ಹೊಳೆಯಲಿಲ್ಲ.

ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ಎರಡು ಜಡೆಯನ್ನು ಕೆಂಪು ರಿಬ್ಬನ್ನಿನಿಂದ ಮಡಚಿ ಕಟ್ಟಿಕೊಂಡು, ಮೂರು ಮೈಲಿ ಗದ್ದೆಯ ಅಂಚಿನಲ್ಲಿ ನಡೆದು ಬರುತ್ತಿದ್ದವಳು. ಅವಳಿಗೆ ಒಂದು ಚಾಳಿ, ಪ್ರಶ್ನೆ ಕೇಳುವುದು. ಒಂದು ಕಿರುಪರೀಕ್ಷೆಯಲ್ಲಿ ನಾನು 'ಐ', ಆಮೇಲೆ ಖಾಲಿ ಜಾಗ, ಆಮೇಲೆ 'ಟು ದ ಮಾರ್ಕೆಟ್' ಎಂದು ಬರೆದು, 'ಗೋ' ಎಂಬುದರ ಸರಿಯಾದ ರೂಪ ತುಂಬಿರಿ ಎಂದು ಕೊಟ್ಟಿದ್ದೆ. ನನ್ನ ಮನಸ್ಸಿನಲ್ಲಿದ್ದ ಉತ್ತರ 'ವೆಂಟ್'. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಇವಳು ಎದ್ದು ನಿಂತು, "ಯಾವಾಗ ಟೀಚರ್?" ಎಂದಳು.

"ಏನು ಯಾವಾಗ?"

"ಮಾರ್ಕೆಟ್ಟಿಗೆ ಹೋಗಿದ್ದು ಯಾವಾಗ? ನಿನ್ನೆಯಾ, ದಿನಾನಾ, ನಾಳೆಯಾ?"

"ಪ್ರಶ್ನೆ ನೋಡಿಕೊಂಡು ಬರಿ. ಪರೀಕ್ಷೆಯಲ್ಲಿ ಮಾತಾಡಬಾರದು" ಎಂದು ಕೂರಿಸಿದೆ.

ಆ ಪ್ರಶ್ನೆಗೆ ಬೇಕಾಗಿದ್ದ ಒಂದೇ ಒಂದು ಮಾತನ್ನು ಅವಳು ಕೇಳಿದ್ದಳು. 'ನಿನ್ನೆ' ಎಂಬ ಪದವನ್ನು ನಾನು ಬರೆದಿರಲಿಲ್ಲ. ಅದಿಲ್ಲದೆ 'ಗೋ' ಎಂದರೂ ಸರಿ, 'ವೆಂಟ್' ಎಂದರೂ ಸರಿ. ಸರಿಯಿಲ್ಲದ್ದು ನನ್ನ ಪ್ರಶ್ನೆ. ಅವಳು ಬರೆದ 'ಗೋ'ಗೆ ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋದೆ.

1986ರ ಮಾರ್ಚಿನ ವಾರ್ಷಿಕ ಪರೀಕ್ಷೆ. ಆಗ ಸ್ಟೆನ್ಸಿಲ್ಲಿನ ಕಾಲ. ನೀಲಿ ಮೇಣದ ಹಾಳೆಯನ್ನು ಉಕ್ಕಿನ ಮೊನೆಯ ಕಡ್ಡಿಯಲ್ಲಿ ಕೊರೆದು ಬರೆಯಬೇಕು. ತಪ್ಪಿದರೆ ಉಗುರುಬಣ್ಣದ ವಾಸನೆಯ ಕೆಂಪು ದ್ರವ ಬಳಿದು, ಊದಿ ಒಣಗಿಸಿ, ಮತ್ತೆ ಕೊರೆಯಬೇಕು. ಅಟೆಂಡರು ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸುತ್ತಿದ್ದರೆ ಅಂಗಿ ತೋಳಿಗೆಲ್ಲ ಮಸಿ. ಇಷ್ಟು ಪಾಡು ಪಡುವಾಗ ಯಾರಿಗೆ ಉದ್ದನೆಯ ಪ್ರಶ್ನೆ ಬರೆಯಲು ಮನಸ್ಸು ಬಂದೀತು? ಅದೂ ಅಲ್ಲದೆ ಮನೆಯಲ್ಲಿ ಎಂಟು ತಿಂಗಳ ಮಗು. ನೂರಕ್ಕೂ ಮೇಲೆ ಪತ್ರಿಕೆಗಳನ್ನು ತೊಟ್ಟಿಲು ತೂಗುತ್ತ ತಿದ್ದಬೇಕು. ಅದಕ್ಕೆ ವ್ಯಾಕರಣದಲ್ಲಿ ಹತ್ತು ಅಂಕಕ್ಕೆ ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಕೊಟ್ಟುಬಿಟ್ಟೆ. 'ಹಿ' ಬಂದರೆ 'ಗೋ' ಸರಿಯೋ 'ಗೋಸ್' ಸರಿಯೋ. 'ದ ಬಾಯ್ಸ್' ಬಂದರೆ 'ಪ್ಲೇ' ಸರಿಯೋ 'ಪ್ಲೇಸ್' ಸರಿಯೋ. ಹೀಗೇ ಹತ್ತು. 'ನಾನು', 'ನೀನು' ಬರುವ ವಾಕ್ಯ ಒಂದೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ. ತಿದ್ದುವಾಗ ಬಹಳ ಸುಖವಾಯಿತು. ಒಂದು ಪತ್ರಿಕೆಯ ಹತ್ತಕ್ಕೂ ಅರ್ಧ ನಿಮಿಷ ಸಾಕು.

ಎರಡನೇ ಬೆಂಚಿನ ಹುಡುಗಿಗೆ ಆ ಹತ್ತರಲ್ಲಿ ಸೊನ್ನೆ ಬಂತು. ಒಟ್ಟು ನೂರಕ್ಕೆ ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಉಳಿದ ಎಲ್ಲ ವಿಷಯಗಳಲ್ಲೂ ಅವಳು ಪಾಸು. ಆದರೆ ನಮ್ಮ ಮುಖ್ಯೋಪಾಧ್ಯಾಯರ ಲೆಕ್ಕದಲ್ಲಿ ಒಂದರಲ್ಲಿ ಹೋದರೂ ಹೋದ ಹಾಗೆಯೇ. ಏಪ್ರಿಲ್ಲಿನಲ್ಲಿ ಫಲಿತಾಂಶದ ಹಾಳೆ ಬೋರ್ಡಿಗೆ ಹತ್ತಿತು. ಅವಳು ಅದನ್ನು ನೋಡುವಾಗ ನಾನು ಅಲ್ಲಿರಲಿಲ್ಲ. ತವರಿನಲ್ಲಿ ಮಾವಿನಹಣ್ಣಿನ ಸೀಕರಣೆ ತಿನ್ನುತ್ತಿದ್ದೆ.

ಜೂನ್ ಬಂತು, ಶಾಲೆ ತೆರೆಯಿತು, ಮಳೆ ಹಿಡಿಯಿತು. ಅವಳು ಬರಲಿಲ್ಲ. ನಮ್ಮ ಗಣಿತದ ಟೀಚರು ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಹಳೆಯ ಪತ್ರಿಕೆಗಳ ಕಟ್ಟನ್ನು ಕಪಾಟಿನಲ್ಲಿ ಜೋಡಿಸುವಾಗ ಸಹಾಯಕ್ಕೆ ಬಂದಿದ್ದವರು ಒಂದು ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

"ಹತ್ತಕ್ಕೆ ಸೊನ್ನೆ ಬಂದಿದೆಯಲ್ಲ, ಇದು ಅಷ್ಟು ಸುಲಭವಲ್ಲ ಕಣ್ರೀ" ಎಂದರು.

"ಸೊನ್ನೆ ತಗೊಳ್ಳೋದಕ್ಕೆ ಏನು ಕಷ್ಟ?" ಎಂದೆ ನಗುತ್ತ.

"ಹತ್ತು ಸಲ ನಾಣ್ಯ ಚಿಮ್ಮಿ ನೋಡಿ. ಹತ್ತಕ್ಕೆ ಹತ್ತೂ ತಪ್ಪಾಗಬೇಕಾದರೆ ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು ಸಲ ಆದೀತು. ಏನೂ ಗೊತ್ತಿಲ್ಲದವನಿಗೆ ಸರಾಸರಿ ಐದು ಬರಬೇಕು. ಈ ಹುಡುಗಿಗೆ ಏನೋ ಗೊತ್ತಿದೆ. ಏನು ಅಂತ ನೀವು ನೋಡಬೇಕು" ಎಂದು ಪತ್ರಿಕೆಯನ್ನು ನನ್ನ ಕೈಗಿಟ್ಟು ಗಂಟೆ ಹೊಡೆಯಿತೆಂದು ಕ್ಲಾಸಿಗೆ ಹೋದರು.

ಆ ರಾತ್ರಿ ಕರೆಂಟು ಹೋಗಿತ್ತು. ಲಾಟೀನಿನ ಬೆಳಕಿನಲ್ಲಿ ಹತ್ತು ಉತ್ತರಗಳನ್ನೂ ಒಂದರ ಕೆಳಗೊಂದು ಬರೆದುಕೊಂಡೆ. ಒಬ್ಬ ಇರುವ ಕಡೆಯೆಲ್ಲ ಎಸ್ ಇಲ್ಲ. ಬಹಳ ಜನ ಇರುವ ಕಡೆಯೆಲ್ಲ ಎಸ್ ಇದೆ. ಒಂದೇ ಒಂದು ಕಡೆಯೂ ತಪ್ಪಿಲ್ಲ, ಅಂದರೆ ಅವಳ ನಿಯಮ ತಪ್ಪಿಲ್ಲ. ಉಳಿದ ಮಕ್ಕಳ ಪತ್ರಿಕೆಗಳನ್ನು ನೆನಪಿಸಿಕೊಂಡೆ. ನಾಲ್ಕು, ಐದು, ಆರು ಬಂದವರೇ ಅರ್ಧಕ್ಕರ್ಧ. ಅವರಿಗೆಲ್ಲ ಅಷ್ಟು ಬಂದಿದೆ ಎಂದು ನಾನು ನಂಬಿದ್ದೆ. ಈ ಹುಡುಗಿ ಕಣ್ಣು ಮುಚ್ಚಿಕೊಂಡು ಎಲ್ಲಿ ಬೇಕಾದರಲ್ಲಿ ಗೆರೆ ಎಳೆದಿದ್ದರೂ ಐದು ಬಂದು ಮೂವತ್ತಾರಾಗಿ ಒಂಬತ್ತನೇ ತರಗತಿಗೆ ಹೋಗಿರುತ್ತಿದ್ದಳು. ಯೋಚನೆ ಮಾಡಿ ಬರೆದದ್ದರಿಂದ ಫೇಲಾದಳು.

ಭಾನುವಾರ ಅವಳ ಮನೆಗೆ ಹೋದೆ. ಜಿಟಿಜಿಟಿ ಮಳೆ, ಕೊಡೆ ಮಗುಚಿಹೋಗುವಂಥ ಗಾಳಿ. ಅವಳು ಬಚ್ಚಲ ಹಂಡೆಯ ಒಲೆಯ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದಳು. ನನ್ನನ್ನು ಕಂಡು ಎದ್ದು ಬಾಗಿಲ ಹಿಂದೆ ಹೋದಳು. ಅವಳ ಅಪ್ಪ ಮಣೆ ಹಾಕಿ, "ಓದು ಬರದ ಮಂಡೆ ಅಕ್ಕೋರೆ, ಸುಮ್ನೆ ಯಾಕೆ ಮಣ್ಣು ಹೊರದು? ಮನೇಲಿ ಕೆಲ್ಸ ಬೇಕಷ್ಟು ಐತೆ" ಎಂದ. ನಾನು ಆ ಪತ್ರಿಕೆ ತಂದಿದ್ದೆ. ಅವಳನ್ನು ಹತ್ತಿರ ಕರೆದು, "ಹುಡುಗ ಒಬ್ಬನೇ ಇದ್ದರೆ ಗೋ ಅಂತ ಹಾಕಿದ್ದೀಯ. ಬಾಯ್ಸ್ ಅಂದಾಗ ಗೋಸ್ ಅಂತ ಹಾಕಿದ್ದೀಯ. ಯಾಕೆ?" ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೆಲ ನೋಡುತ್ತ ಹೇಳಿದಳು:

"ಬಾಯ್ ಅಂದ್ರೆ ಒಬ್ಬ, ಬಾಯ್ಸ್ ಅಂದ್ರೆ ತುಂಬಾ ಜನ ಅಂತ ನೀವೇ ಹೇಳಿದ್ರಿ ಟೀಚರ್. ಹುಡುಗ ಹೋಗ್ತಾನೆ. ಹುಡುಗರು ಹೋಗ್ತಾರೆ. ಅಲ್ಲಿ ರು ಬಂದ್ರೆ ಇಲ್ಲಿ ರೆ ಬರ್ತದೆ. ಅದಕ್ಕೇ ಬಾಯ್ಸ್ ಗೋಸ್."

ಕೇಶಿರಾಜ ಇದ್ದಿದ್ದರೆ ಅವಳ ಬೆನ್ನು ತಟ್ಟುತ್ತಿದ್ದ. ಕನ್ನಡದ ಕಿವಿ ಇರುವ ಯಾರಿಗೇ ಆಗಲಿ ನ್ಯಾಯವೆನಿಸುವ ಮಾತು. ಹೆಸರಿಗೆ ಬಹುವಚನ ಬಂದರೆ ಕ್ರಿಯೆಗೂ ಬರಬೇಕು. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಎಸ್ ಸಾಮಾನ್ಯವಾಗಿ ಹೆಸರಿನ ಕಡೆ ಇದ್ದರೆ ಕ್ರಿಯೆಯ ಕಡೆ ಇರುವುದಿಲ್ಲ, ಕ್ರಿಯೆಯ ಕಡೆ ಬಂದರೆ ಹೆಸರಿನ ಕಡೆ ಇರುವುದಿಲ್ಲ. ಒಂದೇ ಒಲೆಯ ಮುಂದೆ ನಿಲ್ಲಲೊಲ್ಲದ ಅತ್ತೆ ಸೊಸೆಯರ ಹಾಗೆ. ಇದನ್ನು ಎರಡು ವರ್ಷದಲ್ಲಿ ಒಂದು ದಿನವೂ ನಾನು ತರಗತಿಯಲ್ಲಿ ಹೇಳಿರಲಿಲ್ಲ. 'ಹಿ ಷಿ ಇಟ್ ಬಂದರೆ ಎಸ್ ಹಾಕಿ' ಎಂದು ಬಾಯಿಪಾಠ ಮಾಡಿಸಿದ್ದೆ. ಮಾಡಿದವರು ಮಾಡಿದರು. ಇವಳು ಅದರ ಹಿಂದೆ ಒಂದು ಕಾರಣ ಹುಡುಕಿಕೊಂಡಿದ್ದಳು, ಅಷ್ಟೆ.

ಸೋಮವಾರ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿ, "ಈ ಹುಡುಗಿಯ ಹತ್ತು ಅಂಕ ಲೆಕ್ಕಕ್ಕೆ ಹಿಡಿಯಬಾರದು ಅಂದರೆ ಎಲ್ಲರದ್ದೂ ಹಿಡಿಯಬಾರದು ತಾನೆ? ಆಗ ಆ ಐದು ಅಂಕದಿಂದ ಪಾಸಾದವರ ಗತಿ ಏನು? ಅವರನ್ನೆಲ್ಲ ಒಂಬತ್ತರಿಂದ ವಾಪಸು ಕರೆಯೋಣವಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವಳೊಬ್ಬಳ ವಿಷಯದಲ್ಲಾದರೂ ಮೇಲಕ್ಕೆ ಬರೆದು ಕೇಳೋಣ ಎನ್ನಬಹುದಿತ್ತು. ನನ್ನದು ಆಗಿನ್ನೂ ಪ್ರೊಬೇಷನ್. ತಪ್ಪು ಪ್ರಶ್ನೆ ತೆಗೆದೆ ಎಂದು ನನ್ನ ಕೈಯಲ್ಲೇ ಬರೆದುಕೊಡಲು ಹೆದರಿದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ.

ಇನ್ನೆರಡು ಸಲ ಅವಳ ಮನೆಗೆ ಹೋದೆ. ಕೊನೆಗೆ ಅವಳ ಅವ್ವನೇ ಮನಸ್ಸು ಮಾಡಿ ಕಳಿಸಿದಳು. ಅವಳು ಮತ್ತೆ ಎಂಟನೇ ತರಗತಿಗೆ ಬಂದು, ತನಗಿಂತ ಚಿಕ್ಕವರ ನಡುವೆ, ಎರಡನೇ ಬೆಂಚು ಬಿಟ್ಟು ಕೊನೆಯ ಬೆಂಚಿನಲ್ಲಿ ಕೂತಳು. ಕೆಂಪು ರಿಬ್ಬನ್ ಇತ್ತು. ಪ್ರಶ್ನೆ ಇರಲಿಲ್ಲ. ಸೆಪ್ಟೆಂಬರಿನ ಪರೀಕ್ಷೆಗೆ ತಾಲೂಕಿಗೆಲ್ಲ ಒಂದೇ ಪತ್ರಿಕೆ ಬಂತು. ಅದರಲ್ಲೂ ಅದೇ ಎರಡರಲ್ಲಿ ಒಂದನ್ನು ಆರಿಸುವ ಹತ್ತು ಪ್ರಶ್ನೆ. ಅವಳಿಗೆ ಆರು ಬಂತು. ನನಗೆ ಹಿಗ್ಗೋ ಹಿಗ್ಗು. ಕರೆದು, "ಈಗ ಗೊತ್ತಾಯಿತಲ್ಲ, ಹೇಗೆ ಬರೆದೆ ಹೇಳು" ಎಂದೆ.

"ಅಂದಾಜಿಗೆ ಹಾಕಿದೆ ಟೀಚರ್" ಎಂದಳು.

ಮುಂದೆ ಅವಳು ಪ್ರತಿ ವರ್ಷವೂ ಪಾಸಾದಳು.

ಆಮೇಲೆ ಕೆಲವು ವರ್ಷಕ್ಕೆ ನನ್ನನ್ನು ಬೆಂಗಳೂರಿಗೆ, ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಕಳಿಸಿದರು. ಇಂಗ್ಲಿಷ್ ಕಲಿಸುವವರಿಗೆಂದೇ 1963ರಲ್ಲಿ ಶುರುವಾದ ಸಂಸ್ಥೆ ಅದು. ಮಗುವನ್ನು ಅಮ್ಮನ ಬಳಿ ಬಿಟ್ಟು ಹೋಗಿದ್ದ ನನಗೆ ಪಾಠಕ್ಕಿಂತ ಹಾಸ್ಟೆಲಿನ ಇಡ್ಲಿಯೇ ಹೆಚ್ಚು ನೆನಪಿದೆ. ಆದರೆ ಗ್ರಂಥಾಲಯದಲ್ಲಿ ಓದಿದ ಎರಡು ಸಂಗತಿ ಹೇಳಬೇಕು. ಅಮೆರಿಕದ ರೋಜರ್ ಬ್ರೌನ್ ಎಂಬ ವಿದ್ವಾಂಸ ಇಂಗ್ಲಿಷೇ ಮನೆಮಾತಾದ ಮೂರು ಎಳೆಯ ಮಕ್ಕಳ ಮಾತನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡು 1973ರಲ್ಲಿ ಪುಸ್ತಕ ಮಾಡಿದ. ವ್ಯಾಕರಣದ ಹದಿನಾಲ್ಕು ಸಣ್ಣ ಅಂಶಗಳು ಮಕ್ಕಳಿಗೆ ಯಾವ ಕ್ರಮದಲ್ಲಿ ಬರುತ್ತವೆ ಎಂದು ನೋಡಿದರೆ, ಹೆಸರಿಗೆ ಹತ್ತುವ ಬಹುವಚನದ ಎಸ್ ನಾಲ್ಕನೆಯದು, ಕ್ರಿಯೆಗೆ ಹತ್ತುವ ಎಸ್ ಹತ್ತನೆಯದು. ಹೊಟ್ಟೆಯಿಂದ ಬರುವಾಗಲೇ ಇಂಗ್ಲಿಷ್ ಕೇಳಿದ ಮಕ್ಕಳಿಗೂ ತಡವಾಗಿ ಬರುವ ಅಕ್ಷರ ನಮ್ಮ ಗದ್ದೆ ಅಂಚಿನ ಮಕ್ಕಳಿಗೆ ಮೊದಲ ವರ್ಷವೇ ಬರಲಿಲ್ಲವೆಂದು ನಾನು ಹತ್ತು ಅಂಕ ಇಟ್ಟಿದ್ದೆ! ಇನ್ನೊಂದು, 1967ರಲ್ಲಿ ಪಿಟ್ ಕಾರ್ಡರ್ ಎಂಬವರು ಬರೆದ ಲೇಖನ. ಕಲಿಯುವವರ ತಪ್ಪು ಬರೀ ಕಸವಲ್ಲ, ಅವರ ತಲೆಯಲ್ಲಿ ಯಾವ ನಿಯಮ ಕೂತಿದೆ ಎಂದು ತೋರಿಸುವ ಗುರುತು ಎಂಬುದು ಅದರ ತಾತ್ಪರ್ಯ. ಓದುವಾಗ ಹಲಸಿನ ಬೀಜ ಸುಟ್ಟ ವಾಸನೆ ಬಂದ ಹಾಗಾಯಿತು.

ಅಲ್ಲೇ ಎನ್. ಎಸ್. ಪ್ರಭು ಅವರ ಹೆಸರೂ ಕಿವಿಗೆ ಬಿತ್ತು. 1979ರಿಂದ 1984ರವರೆಗೆ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರು ಒಂದು ಪ್ರಯೋಗ ಮಾಡಿದ್ದರು. ಬೆಂಗಳೂರು ಪ್ರಾಜೆಕ್ಟ್ ಎಂದೇ ಅದು ಹೊರದೇಶಗಳಲ್ಲೂ ಪ್ರಸಿದ್ಧ. ವ್ಯಾಕರಣದ ನಿಯಮ ಹೇಳಿಕೊಡುವುದನ್ನು ಬಿಟ್ಟು, ನಕ್ಷೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಕೊಟ್ಟು ಮಕ್ಕಳಿಂದ ಲೆಕ್ಕ ಬಿಡಿಸಿದ ಹಾಗೆ ಉತ್ತರ ಹುಡುಕಿಸುವುದು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ನಮ್ಮ ಮಕ್ಕಳಿಗೆ ಅಷ್ಟಿಷ್ಟು ನಿಯಮವನ್ನೂ ಹೇಳಿಕೊಡಬೇಕು, ಇಲ್ಲದಿದ್ದರೆ ತಾವೇ ಒಂದು ಮಾಡಿಕೊಳ್ಳುತ್ತಾರೆ. ಅದನ್ನು ನಾನು ಕಂಡಿದ್ದೆನಲ್ಲ! ಆದರೆ ವೇಳಾಪಟ್ಟಿಯ ಉಪಾಯ ಮನಸ್ಸಿಗೆ ಹಿಡಿಯಿತು.

ಊರಿಗೆ ಬಂದವಳೇ ಅರಳಿಕಟ್ಟೆಯ ಎದುರಿನ ಹೋಟೆಲಿನ ಗೋಡೆಯ ಮೇಲಿದ್ದ ಬಸ್ಸಿನ ವೇಳಾಪಟ್ಟಿಯನ್ನು ಬರೆದುಕೊಂಡೆ. ಹೋಟೆಲಿನವರು ಟೀಚರು ರಾಜೀನಾಮೆ ಕೊಟ್ಟು ಓಡಿಹೋಗುತ್ತಿದ್ದಾರೆಂದು ತಿಳಿದಿರಬೇಕು. ಆ ಪಟ್ಟಿಯನ್ನು ಸ್ಟೆನ್ಸಿಲ್ಲಿನಲ್ಲಿ ಕೊರೆದು ಪರೀಕ್ಷೆಗೆ ಕೊಟ್ಟೆ. ಮೊದಲ ಬಸ್ಸು ಎಷ್ಟಕ್ಕೆ ಬಿಡುತ್ತದೆ, ಸಂಜೆ ಎಷ್ಟು ಬಸ್ಸು ಹೋಗುತ್ತವೆ, ನಿಮ್ಮಜ್ಜಿ ಸಾಗರದ ಆಸ್ಪತ್ರೆಗೆ ಹತ್ತು ಗಂಟೆಗೆ ಮುಟ್ಟಬೇಕಾದರೆ ಯಾವ ಬಸ್ಸು ಹಿಡಿಯಬೇಕು. ಉತ್ತರವನ್ನು ಪೂರ್ತಿ ವಾಕ್ಯವಾಗಿ ಬರೆಯಬೇಕು. ಒಂದು ಬಸ್ಸಾದರೆ 'ಲೀವ್ಸ್', ಎರಡಾದರೆ 'ಲೀವ್', ತನ್ನಿಂದ ತಾನೇ ಬೇಕಾಗುತ್ತದೆ. ಆರಿಸಲು ಎರಡು ಪದ ಪಕ್ಕದಲ್ಲಿಲ್ಲ, ಹಾಗಾಗಿ ನಾಣ್ಯ ಚಿಮ್ಮುವಂತಿಲ್ಲ. ಬಸ್ಸು ಮತ್ತು ವೇಳೆ ಸರಿ ಇದ್ದರೆ ಒಂದು ಅಂಕ, ಎಸ್ ಸರಿ ಇದ್ದರೆ ಇನ್ನರ್ಧ. ಎಸ್ ಬಿಟ್ಟರೆ ಅಜ್ಜಿಗೆ ಬಸ್ಸೇನೂ ತಪ್ಪುವುದಿಲ್ಲ ನೋಡಿ, ಅದಕ್ಕೆ ಅರ್ಧವೇ ಸಾಕೆನಿಸಿತು. ಸೂಚನೆಯೆಲ್ಲ ಕನ್ನಡದಲ್ಲಿ. ಪ್ರತಿ ಭಾಗದ ಮೊದಲು ಒಂದು ಉತ್ತರವನ್ನು ನಾನೇ ಬರೆದು ತೋರಿಸುತ್ತಿದ್ದೆ. ಒಂದು ಪ್ರಶ್ನೆಯಲ್ಲಿ ಒಂದೇ ಕಷ್ಟ ಇರಬೇಕು, ಎಸ್ ಬರುತ್ತದೆಯೇ ಎಂದು ನೋಡುವಾಗ ಗೊತ್ತಿಲ್ಲದ ಪದ ಇಡಬಾರದು ಎಂದು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ. ಕೊನೆಗೆ ಒಂದು ಸಾಲು: 'ಏಕೆ ಹಾಗೆ ಬರೆದೆ? ಕನ್ನಡದಲ್ಲಿ ಹೇಳು.'

ಆ ಕೊನೆಯ ಸಾಲಿನಿಂದ ನನಗೆ ಸಿಕ್ಕಿದ್ದು ಒಂದೆರಡಲ್ಲ. 'ಬಸ್' ಎಂಬುದರಲ್ಲೇ ಕೊನೆಗೆ ಎಸ್ ಇದೆಯಲ್ಲ, ಇನ್ನೊಂದು ಯಾಕೆ ಎಂದು ಒಬ್ಬ. ಅಪ್ಪನಿಗೆ 'ದೇ' ಎಂದೇ ಬರೆಯಬೇಕು, 'ಹಿ' ಎಂದರೆ ಏಕವಚನದಲ್ಲಿ ಕರೆದ ಹಾಗಾಗುತ್ತದೆ ಎಂದು ಒಬ್ಬಳು. ಇವಳಿಗೆ ಅಂಕ ಕಳೆಯಲು ಕೈ ಬರಲಿಲ್ಲ. ಅಪ್ಪನನ್ನು ಬಹುವಚನದಲ್ಲಿ ಇಟ್ಟ ಮೇಲೆ ಕ್ರಿಯೆಗೆ ಎಸ್ ಹಾಕದೆ ಬಿಟ್ಟಿದ್ದಳು, ಅವಳ ಮಟ್ಟಿಗೆ ಎಲ್ಲವೂ ಸರಿಯೇ.

ತಿದ್ದಲು ಮಾತ್ರ ಮೂರು ಪಟ್ಟು ಹೊತ್ತು. ಎಷ್ಟೋ ರಾತ್ರಿ ಅನ್ನ ತಳ ಹಿಡಿದಿದೆ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇಂಗ್ಲಿಷ್ ಪತ್ರಿಕೆಯಲ್ಲಿ ಕನ್ನಡ ಕಂಡು ಹುಬ್ಬು ಗಂಟು ಹಾಕಿ, ಕರ್ತರಿ ಕರ್ಮಣಿ ಯಾಕಿಲ್ಲ ಎಂದು ಟಿಪ್ಪಣಿ ಬರೆದು ಹೋದರು. ಮುಂದಿನ ಸಲ ಎರಡು ಅಂಕಕ್ಕೆ ಹುಲಿಯನ್ನು ಮತ್ತೆ ಕೊಂದೆ. ಹತ್ತನೇ ತರಗತಿಯ ಬೋರ್ಡು ಪರೀಕ್ಷೆಯಲ್ಲಿ ಅದು ಬಂದೇ ಬರುತ್ತಿತ್ತಲ್ಲ, ಮಕ್ಕಳನ್ನು ಬರಿಗೈಯಲ್ಲಿ ಕಳಿಸುವ ಹಾಗಿರಲಿಲ್ಲ. ಎಲ್ಲವನ್ನೂ ನಾನು ಬದಲಾಯಿಸಿಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಜ್ವರ ಬಂದ ತಿಂಗಳಲ್ಲಿ, ಮಗಳ ಬಾಣಂತನದ ವರ್ಷದಲ್ಲಿ, ನಾನೂ ಹಳೆಯ ಎರಡು ಪದದ ಪ್ರಶ್ನೆಗೇ ಶರಣು ಹೋದದ್ದುಂಟು.

ಆಮೇಲೆ 2007ರಲ್ಲಿ ಸರಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಬಂದಾಗ ಎಂಟನೆಯವರೆಗೆ ಯಾರನ್ನೂ ಫೇಲು ಮಾಡುವಂತಿಲ್ಲ ಎಂದಿತು. ಅದನ್ನು ಓದಿದ ದಿನ ನಾನು ಮೊದಲು ಲೆಕ್ಕ ಹಾಕಿದ್ದು, ಇಪ್ಪತ್ತಮೂರು ವರ್ಷ ತಡವಾಯಿತು ಎಂದು. ಈಗ ಪಕ್ಕದ ಮನೆಯ ಹುಡುಗಿ ಫೋನಿನಲ್ಲೇ ವ್ಯಾಕರಣದ ಟೆಸ್ಟು ಬರೆಯುತ್ತಾಳೆ. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತಿದರೆ ಟಿಂಗ್ ಎಂದು ಹಸಿರು ಬೆಳಕು. ಎಂಟು ಬಂತು ಅಜ್ಜೀ ಎಂದು ತೋರಿಸಲು ಓಡಿ ಬರುತ್ತಾಳೆ. ಯಾವ ಎರಡು ತಪ್ಪಾಯಿತು, ಅಲ್ಲಿ ಏನು ಅಂದುಕೊಂಡಿದ್ದೆ ಎಂದು ಕೇಳಿದರೆ ಅವಳಿಗೆ ಬೇಜಾರು. ಅವಳ ಅಮ್ಮನಿಗೆ ನಾನು ತಪ್ಪು ಹುಡುಕುವ ಮುದುಕಿ.

ಎರಡನೇ ಬೆಂಚಿನ ಹುಡುಗಿಯನ್ನು ನಾನು ಮತ್ತೆ ಕಂಡದ್ದು ನಿವೃತ್ತಿಯ ಹಿಂದಿನ ವರ್ಷ, ಸಾಗರದಲ್ಲಿ. ಯಾರೋ ಹೇಳಿದರೆಂದು ರವಿಕೆ ಹೊಲಿಸಲು ಒಂದು ಅಂಗಡಿಗೆ ಹೋದೆ. ಹೊಲಿಗೆ ಯಂತ್ರದಿಂದ ಎದ್ದು ಬಂದವಳು, "ಟೀಚರ್!" ಎಂದು ಕಾಲು ಮುಟ್ಟಿದಳು. ಅರ್ಧ ನರೆತ ಕೂದಲು, ಕುತ್ತಿಗೆಯಲ್ಲಿ ಅಳತೆ ಟೇಪು. ಎಸ್‌ಎಸ್‌ಎಲ್‌ಸಿ ಮುಗಿಸಿ, ಹೊಲಿಗೆ ಕಲಿತು, ಮದುವೆಯಾಗಿ, ಗಂಡ ತೀರಿಹೋದ ಮೇಲೆ ಈ ಅಂಗಡಿಯಿಂದಲೇ ಎರಡು ಮಕ್ಕಳನ್ನು ಓದಿಸಿದಳಂತೆ. ದೊಡ್ಡವನು ಇಂಜಿನಿಯರಿಂಗ್. ನನಗೆ ಬಂದ ಹಾಗೆ ಅಲ್ಲ, ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರ್ತದೆ ಎಂದಳು.

ಸೀರೆಯ ಅಂಚು ಉದ್ದವಾಗಿದೆಯೆಂದು ಕೆಳಗೆ ಕೂತು ಗುಂಡುಸೂಜಿ ಚುಚ್ಚತೊಡಗಿದಳು. ಬಾಯಿತುಂಬ ಗುಂಡುಸೂಜಿ. ಆಗ ಹೇಳಿಬಿಟ್ಟೆ. ಆ ಸೊನ್ನೆಯ ಕತೆ, ಸಾವಿರದ ಇಪ್ಪತ್ತನಾಲ್ಕರ ಲೆಕ್ಕ, ನನ್ನ ಪ್ರಶ್ನೆಯೇ ಸರಿ ಇರಲಿಲ್ಲ ಎಂಬುದು, ಹೆದರಿ ಬರೆದುಕೊಡದೆ ಇದ್ದದ್ದು. ಅವಳು ತಲೆ ಎತ್ತಲಿಲ್ಲ. ಒಂದೊಂದೇ ಸೂಜಿ ತೆಗೆದು ಚುಚ್ಚುತ್ತ ಸುತ್ತು ಮುಗಿಸಿದಳು. ಬಾಯಿ ಖಾಲಿಯಾಗುವವರೆಗೆ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಎದ್ದು ನಿಂತು ಬಾಗಿಲ ಹೊರಗೆ ಬೋರ್ಡಿನ ಕಡೆ ಕೈ ತೋರಿಸಿದಳು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷಿನಲ್ಲಿ 'ಲೇಡೀಸ್ ಟೈಲರ್ಸ್'.

"ನಾನು ಒಬ್ಬಳೇ ಇರೋದು ಟೀಚರ್. ಪೇಂಟರು ಎಸ್ ಹಾಕಿಬಿಟ್ಟಿದ್ದಾನೆ. ಅವತ್ತಿಂದ ನೋಡ್ತಾನೇ ಇದೀನಿ, ಕೇಳೋಣ ಅಂದ್ರೆ ಯಾರೂ ಇರ್ಲಿಲ್ಲ. ಅಳಿಸ್ಬೇಕಾ?"

ನಾನು ಹೊರಗೆ ಹೋಗಿ ಬಿಸಿಲಿಗೆ ಕೈ ಅಡ್ಡ ಹಿಡಿದು ಬೋರ್ಡನ್ನು ಎರಡು ಸಲ ಓದಿದೆ. ಆ ಬೀದಿಯಲ್ಲಿ ಇನ್ನೂ ಮೂರು ಟೈಲರ್ ಅಂಗಡಿ ಇದ್ದವು. ಮೂರರಲ್ಲೂ ಒಬ್ಬೊಬ್ಬರೇ ಕೂತಿದ್ದರು, ಮೂರು ಬೋರ್ಡಿನಲ್ಲೂ ಎಸ್ ಇತ್ತು.

"ಯಾಕೆ ಹಾಕುತ್ತಾರೆ ಅಂತ ನನಗೂ ಗೊತ್ತಿಲ್ಲ ಕಣೇ" ಎಂದೆ.